ರಕ್ತ ಕೊಟ್ಟವರಿಗೆ ಹೇಳದ ಮಾತು

ಜುಲೈ ಹತ್ತು. ಮೋಡ ಕವಿದಿತ್ತು, ಮಳೆಯಿರಲಿಲ್ಲ. ಆರಂಭದಲ್ಲೇ ಪತ್ತೆಯಾಗಿ ಆಪರೇಷನ್ ಆದ ಲಿವರ್ ಕ್ಯಾನ್ಸರ್ ಮರುಕಳಿಸುತ್ತದೆಯೇ ಎಂದು ರಕ್ತದ ಪ್ರೋಟೀನುಗಳಿಂದ ಮೊದಲೇ ಊಹಿಸುವ ಸಂಶೋಧನೆಯೊಂದಕ್ಕೆ ನಾನು ರಕ್ತ ಸಂಗ್ರಹಿಸುತ್ತಿದ್ದೆ. ಗುಂಡ್ಲುಪೇಟೆಯ ಈರುಳ್ಳಿ ಮಂಡಿಯ ಮಾದಪ್ಪನವರು ತಮ್ಮ ಮನೆಯ ಜಗಲಿಯಲ್ಲಿ ತೋಳು ಚಾಚಿ ಕೇಳಿದರು: “ಕಾಯ್ಲೆ ತಿರ್ಗಾ ಬತ್ತದಾ ಅಂತ ಯಾವಾಗ ಏಳ್ತೀರಿ ಸಾರ್? ಮಂಡೀನ ತಮ್ಮನ್ಗೆ ಬುಟ್ಕೊಡ್ಬೇಕಾ ನೋಡ್ಬೇಕು.”

“ನಿಮಗೆ ಹೇಳುವ ಹಾಗಿಲ್ಲ. ನಿಯಮ.”

“ನಮ್ಮಲ್ಲಿ ಸ್ಯಾಂಪಲ್ ತಗಂಡು ರೇಟ್ ಏಳ್ದೆ ಎದ್ದೋದೋನ್ನ ಮತ್ತೆ ಮಂಡಿಗೆ ಸೇರ್ಸಲ್ಲ ಕಣ್ರೀ.”

ಸಂಶೋಧನೆಯ ಆಫೀಸಿಗೆ ಫೋನ್ ಮಾಡಿ ಕೂಗಾಡಿದೆ. ಫಲಿತಾಂಶ ಪ್ರಬಂಧಕ್ಕೆ ಮಾತ್ರ, ಅವರಿಗೆ ಸಲ್ಲಬೇಕಾದ್ದು ಸಲ್ಲುತ್ತದೆ ಎಂದು ತಣ್ಣಗೆ ಹೇಳಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ತಿಂಗಳಾದ ಮೇಲೆ, ಆಫೀಸಿನಿಂದ ಏನು ಬಂತು ಎಂದು ಮಾದಪ್ಪನವರನ್ನು ಕೇಳಿದೆ.

“ಬಸ್ ಚಾರ್ಜು” ಎಂದರು.

ಅವರ ಜಗಲಿಗೆ ಬಸ್ಸಿನಲ್ಲಿ ಹೋಗಿದ್ದವನು ನಾನು.