ಹುಳದ ಮನೆ ಪಕ್ಕದ ಕಂಪ್ಯೂಟರ್

ನಮ್ಮ ಮನೆಯಲ್ಲಿ ರೇಷ್ಮೆ ಹುಳ ಇರುವ ಕೋಣೆಯೊಳಗೆ ಹೋಗಬೇಕಾದರೆ ಯಾರೇ ಆಗಲಿ ಚಪ್ಪಲಿ ಹೊರಗೆ ಬಿಡಬೇಕು. ಬಾಗಿಲಲ್ಲಿಟ್ಟ ಬೇಸಿನ್ನಿನ ಬ್ಲೀಚಿಂಗ್ ನೀರಿನಲ್ಲಿ ಕೈ ತೊಳೆಯಬೇಕು, ಅದೇ ನೀರಿನಲ್ಲಿ ನೆನೆಸಿದ ಗೋಣಿಚೀಲದ ಮೇಲೆ ಕಾಲಿಟ್ಟು ಒಳಗೆ ಹೋಗಬೇಕು. ಬೀಡಿ ಸೇದಿದವರಿಗೆ, ಪೌಡರ್ ಹಚ್ಚಿದವರಿಗೆ ಪ್ರವೇಶವೇ ಇಲ್ಲ. ನನ್ನ ಸ್ವಂತ ತಂಗಿ ಮಗನ ನಾಮಕರಣಕ್ಕೆ ಕರೆಯಲು ಬಂದಾಗ ಸೆಂಟು ಹಾಕಿಕೊಂಡಿದ್ದಾಳೆ ಎಂದು ಅತ್ತೆ ಅವಳನ್ನು ಜಗುಲಿಯಿಂದ ಮುಂದೆ ಬಿಡಲಿಲ್ಲ. ಇದಕ್ಕೆಲ್ಲ ನನ್ನ ತಕರಾರಿಲ್ಲ. ಹುಳ ಸೂಕ್ಷ್ಮ, ಹಾಗೆ ನೋಡಿಕೊಂಡರೇ ಗೂಡು ಕಟ್ಟುತ್ತದೆ. ನಾನೂ ಸೊಪ್ಪು ಕೊಯ್ದು ಹಾಕುವವಳೇ.

ಆದರೆ ಅದೇ ಗೋಡೆಯ ಈಚೆ ಬದಿಯ ಸಣ್ಣ ಕೋಣೆಯಲ್ಲಿ ನನ್ನ ಕಂಪ್ಯೂಟರ್ ಇದೆ. ಅದಕ್ಕೆ ಬೇಸಿನ್ನೂ ಇರಲಿಲ್ಲ, ಗೋಣಿಚೀಲವೂ ಇರಲಿಲ್ಲ. ಅದರ ಮೇಲೆ ಟವೆಲ್ ಒಣಗುತ್ತಿತ್ತು. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿದಾಗ, ಅದರ ಸೊಪ್ಪಿನ ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಊದುತ್ತಾರೆ. ಆ ಪುಡಿ ಬಾಗಿಲ ಸಂದಿಯಲ್ಲಿ ಹಾದು ಬಂದು ನನ್ನ ಮೇಜಿನ ಮೇಲೆ ಕೂರುತ್ತಿತ್ತು. ನಾನು ಒರೆಸುತ್ತಿದ್ದೆ. ಮತ್ತೆ ಕೂರುತ್ತಿತ್ತು.

ನಾನು ಚನ್ನಪಟ್ಟಣದ ಒಂದು ಪ್ರೆಸ್ಸಿಗೆ ಪುಸ್ತಕದ ಪುಟ ಜೋಡಿಸಿಕೊಡುತ್ತೇನೆ. ಅಕ್ಷರ ಯಾವ ಅಳತೆ, ಸಾಲು ಎಲ್ಲಿ ಮುರಿಯಬೇಕು, ಚಿತ್ರ ಎಲ್ಲಿ ಕೂರಬೇಕು, ಇದೆಲ್ಲ ನನ್ನ ಕೆಲಸ. ವರ್ಷಗಟ್ಟಲೆ ಮಾಡಿದ್ದರೂ ಅಲ್ಲಿಯವರೆಗೆ ಒಂದು ಪುಸ್ತಕದಲ್ಲೂ ನನ್ನ ಹೆಸರು ಬಂದಿರಲಿಲ್ಲ. ಈಚೆಗೆ ಮರಳವಾಡಿ ಕಡೆಯ ನಿವೃತ್ತ ಮೇಷ್ಟರೊಬ್ಬರು ತಮ್ಮ ಸೀಮೆಯ ಗಿಡಮರಗಳ ಬಗ್ಗೆ ಬರೆದ ಪುಸ್ತಕ ನನ್ನ ಕೈಗೆ ಬಂತು. ಮೊದಲ ಅಧ್ಯಾಯದ ಪುಟ ನೋಡಿ ಖುಷಿಯಾಗಿ, ಒಳಪುಟದಲ್ಲಿ ನನ್ನ ಹೆಸರು ಹಾಕಲೇಬೇಕು ಎಂದು ಅವರೇ ಪ್ರೆಸ್ಸಿನವರಿಗೆ ಹೇಳಿದ್ದರು. ಪ್ರೆಸ್ಸಿನ ಯಜಮಾನರೂ ಒಪ್ಪಿದ್ದರು. ಒಂದೇ ಷರತ್ತು: ಸೋಮವಾರಕ್ಕೆ ಪುಟಗಳೆಲ್ಲ ಕೈಸೇರಬೇಕು. ಇಲ್ಲದಿದ್ದರೆ ಉಳಿದದ್ದನ್ನು ರಾಮನಗರದಲ್ಲಿ ಬೇರೆಯವರ ಹತ್ತಿರ ಮಾಡಿಸುತ್ತೇನೆ, ಆಗ ಹೆಸರೂ ಅವರದೇ ಎಂದಿದ್ದರು.

ಸರಿಯಾಗಿ ಆ ವಾರವೇ ಕಂಪ್ಯೂಟರ್ ಹಟ ಹಿಡಿಯಿತು. ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಒಳಗಿನ ಫ್ಯಾನು ಬೊಬ್ಬೆ ಹೊಡೆಯುತ್ತಿತ್ತು, ಪೆಟ್ಟಿಗೆ ಕಾದು ಬಿಸಿಯಾಗುತ್ತಿತ್ತು, ಆಮೇಲೆ ತಾನಾಗಿಯೇ ಆಫ್ ಆಗುತ್ತಿತ್ತು. ಪುಟಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳೋಣವೆಂದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಪಕ್ಕದ ಜಾಲರಿಯಲ್ಲಿ ಇಣುಕಿದರೆ ಒಳಗೆ ದೂಳು ಹಾಸಿಗೆ ಹಾಸಿತ್ತು. ಅದನ್ನು ತೆಗೆದರೆ ಸರಿಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಯಾವುದರಿಂದ ತೆಗೆಯಬೇಕು ಎನ್ನುವುದೇ ಪ್ರಶ್ನೆ.

ಮನೆಯಲ್ಲಿ ಎಲ್ಲರ ಹತ್ತಿರವೂ ಉತ್ತರ ಇತ್ತು. ಅತ್ತೆ ಒದ್ದೆಬಟ್ಟೆ ಹಿಡಿದು ಬಂದರು. ಗಂಡ, "ಗೊಂಬೆ ಫ್ಯಾಕ್ಟ್ರಿಗೆ ಒಯ್ದು ಕಂಪ್ರೆಸರ್‌ನಾಗೆ ಒಂದ್ ಸಲ ಹೊಡುಸ್ಬುಟ್ರೆ ಆಯ್ತಲ್ಲ" ಎಂದರು. ಆ ಕಂಪ್ರೆಸರಿನ ಗಾಳಿಯ ಜೊತೆ ನೀರಿನ ಹನಿಯೂ ಬರುತ್ತದೆ, ಆ ರಭಸಕ್ಕೆ ಫ್ಯಾನಿನ ಎಲೆ ಮುರಿಯುತ್ತದೆ ಎಂದೆ.

"ಎಲ್ಲಾ ನಿಂಗೇ ಗೊತ್ತು ಬುಡು" ಎಂದು ಎದ್ದುಹೋದರು.

ಹೌದು, ನನಗೇ ಗೊತ್ತು. ಅದರ ಮುಂದೆ ದಿನವೂ ಕೂರುವವಳು ನಾನು.

ಶನಿವಾರ ಬೆಳಿಗ್ಗೆ ಹೊಂಗನೂರಿನಿಂದ ಬಸ್ ಹತ್ತಿ ಚನ್ನಪಟ್ಟಣಕ್ಕೆ ಹೋದೆ. ಕಂಪ್ಯೂಟರ್ ಸಾಮಾನಿನ ಅಂಗಡಿಯವನು ನನ್ನನ್ನು ನೋಡಿ, ನನ್ನ ಹಿಂದೆ ಯಾರಾದರೂ ಬಂದಿದ್ದಾರೆಯೇ ಎಂದು ನೋಡಿದ.

"ಮನೇಲಿ ಗಂಡಸ್ರು ಯಾರೂ ಬರ್ನಿಲ್ವಾ ಅಕ್ಕ? ಬಂದಿದ್ರೆ ಒಸಿ ಬಿಡುಸಿ ಹೇಳ್ಬೋದಿತ್ತು."

"ನಂಗೇ ಬಿಡುಸಿ ಹೇಳಿ. ಬಿಚ್ಚೋಳು ನಾನೇ" ಎಂದೆ.

ಅವನು ಹೇಳುವ ಬದಲು ಮಾರಲು ಶುರು ಮಾಡಿದ. ಮೊದಲು ತೋಳುದ್ದದ ಬ್ಲೋವರ್ ಮೇಜಿನ ಮೇಲೆ ಇಟ್ಟ. ಸ್ವಿಚ್ ಒತ್ತಿದರೆ ಅಂಗಡಿಯ ಕ್ಯಾಲೆಂಡರೇ ಹಾರಿತು. ಬೇಡ ಎಂದೆ. ವ್ಯಾಕ್ಯೂಮ್ ಕ್ಲೀನರ್ ತೋರಿಸಿದ. ಅದರ ಪ್ಲಾಸ್ಟಿಕ್ ಮೂತಿ ಬೋರ್ಡಿಗೆ ಉಜ್ಜಿದರೆ ಕರೆಂಟಿನ ಕಿಡಿ ಹತ್ತುತ್ತದಂತಲ್ಲ ಎಂದು ಕೇಳಿದ್ದಕ್ಕೆ, "ಅದೆಲ್ಲಾ ಇಂಟರ್ನೆಟ್ಟಲ್ಲಿ ಬರೆಯೋದು ಅಕ್ಕ" ಎಂದ. ಗಾಳಿ ತುಂಬಿದ ಡಬ್ಬಿ ತಂದ. ಒಂದು ಪೆಟ್ಟಿಗೆಗೇ ಮುಗಿದುಹೋಗುವ ಡಬ್ಬಿ, ಓರೆ ಹಿಡಿದರೆ ತಣ್ಣಗಿನ ದ್ರವ ಕಾರುತ್ತದೆ. ಅದೂ ಬೇಡ. ಕೊನೆಗೆ ನಾನೇ ಮೂಲೆಯ ಗಾಜಿನ ಕಪಾಟಿನಲ್ಲಿ ಕಂಡದ್ದನ್ನು ತೋರಿಸಿದೆ: ಫೋಟೋ ತೆಗೆಯುವವರು ಕ್ಯಾಮೆರಾ ಗಾಜಿನ ದೂಳು ಊದಲು ಬಳಸುವ, ಕೈಯಲ್ಲಿ ಅಮುಕುವ ರಬ್ಬರ್ ಚೆಂಡು. ಜೊತೆಗೆ ಮೆತ್ತನೆ ಕೂದಲಿನ ಎರಡು ಬ್ರಷ್, ಒಂದು ದಪ್ಪ, ಒಂದು ಸಣ್ಣ, ಮತ್ತು ತುದಿಯಲ್ಲಿ ಅಯಸ್ಕಾಂತ ಇಲ್ಲದ ಸ್ಟಾರ್ ಸ್ಕ್ರೂಡ್ರೈವರ್. ಬ್ರಷ್ಷನ್ನು ಕೆನ್ನೆಗೆ ಒತ್ತಿ ನೋಡಿದೆ, ಕೂದಲು ಚುಚ್ಚಲಿಲ್ಲ. ಅಂಗಡಿಯವನು ನಕ್ಕ. ಇಷ್ಟು ಸಣ್ಣ ಸಾಮಾನು ಆರಿಸಲು ಇಷ್ಟು ಹೊತ್ತು ನಿಂತದ್ದು ನನಗೇನೂ ನಾಚಿಕೆ ಎನಿಸಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಆ ಕವರನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಮನೆಗೆ ಬಂದರೆ ನನ್ನ ಕೋಣೆಯ ಬಾಗಿಲು ತೆರೆದಿತ್ತು. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ನೆಲದ ಮೇಲೆ ಬಿದ್ದಿತ್ತು. ಗಂಡ ಕುಕ್ಕರುಗಾಲಿನಲ್ಲಿ ಕೂತು, ಹುಳಕ್ಕೆ ಸುಣ್ಣದ ಪುಡಿ ಊದುವ ಮಿಷನ್ನಿನ ಪೈಪನ್ನು ಅದರ ಹೊಟ್ಟೆಗೆ ಹಿಡಿದು ಹಿಡಿಕೆ ತಿರುಗಿಸುತ್ತಿದ್ದರು. ಡಬ್ಬಿ ಖಾಲಿ ಮಾಡಿದ್ದರಂತೆ. ಪೈಪಿನೊಳಗೆ ಅಂಟಿಕೊಂಡಿದ್ದ ಪುಡಿಯ ಯೋಚನೆಯೇ ಅವರಿಗೆ ಬಂದಿರಲಿಲ್ಲ. ಒಳಗಿನ ಬೋರ್ಡು, ಫ್ಯಾನು, ವೈರು ಎಲ್ಲ ಬೆಳ್ಳಗೆ.

"ಬಂದ್ಯಾ? ನೋಡು, ದೂಳೆಲ್ಲಾ ಎದ್ದೋಯ್ತು" ಎಂದರು.

ನನಗೆ ಮೈಯೆಲ್ಲ ಉರಿಯಿತು. ಕೂಗಿದೆ. ಹುಳದ ಕೋಣೆಯಿಂದ ಅತ್ತೆ ಓಡಿ ಬಂದರು.

"ಯಾಕಮ್ಮಿ ಹಿಂಗೆ ಕಿರುಚ್ತೀಯ? ಹುಳ ಜ್ವರದಾಗೆ ಕೂತವೆ. ಅವ್ನು ಒಳ್ಳೇದಾಗ್ಲಿ ಅಂತ್ಲೇ ಮಾಡವ್ನೆ."

"ಮರಿ ಹುಳಾನ ತಟ್ಟೆಗೆ ಇಳಿಸೋವಾಗ ನೀವು ಯಾವುದ್ರಲ್ಲಿ ಇಳಿಸ್ತಿದ್ರಿ ಅತ್ತೆಮ್ಮ?" ಎಂದು ಕೇಳಿದೆ.

"ಕೋಳಿ ಪುಕ್ಕದಲ್ಲಿ. ಇನ್ನೇನ್ರಲ್ಲಿ ಇಳುಸ್ತಾರೆ? ಕೈ ತಗುಲಿದ್ರೆ ಸತ್ತೋಯ್ತವೆ."

ಗಂಡನ ಕಡೆ ತಿರುಗಿದೆ. "ಕೇಳಿಸ್ಕೊಂಡ್ರಾ? ಮೆತ್ತಗೆ ಮುಟ್ಟೋದು ನಿಮ್ಮ ಮನೇಲಿ ಎಲ್ರಿಗೂ ಗೊತ್ತೈತೆ. ನನ್ನ ಕೆಲಸದ ಹತ್ರ ಬಂದಾಗ ಮಾತ್ರ ಮರೆತೋಯ್ತದೆ."

"ಹೋದ್ರೆ ಹೋಯ್ತು, ಗೂಡು ಮಾರಿದ್ಮ್ಯಾಕೆ ಹೊಸದು ಕೊಡುಸ್ತೀನಿ ಬುಡು" ಎಂದರು. ಪುಟಗಳು ಅದರೊಳಗೆ ಇವೆ ಎನ್ನುವುದು ಅವರಿಗೆ ಆಗಲೂ ಹೊಳೆಯಲಿಲ್ಲ. ಅಂಗಡಿಯಲ್ಲಿ ಹೊಸ ಪೆಟ್ಟಿಗೆ ಸಿಗುತ್ತದೆ. ನಾನು ಜೋಡಿಸಿದ ಗಿಡಮರಗಳು ಯಾವ ಅಂಗಡಿಯಲ್ಲಿ ಸಿಗುತ್ತವೆ?

ಬಾಗಿಲು ಹಾಕಿಕೊಂಡೆ. ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಮಲಗಿಸಿದೆ. ದಪ್ಪ ಬ್ರಷ್ಷಿನಿಂದ ತಳದ ಪುಡಿ ಗುಡಿಸಿದೆ. ಫ್ಯಾನಿನ ಎಲೆ ತಿರುಗದಂತೆ ಒಂದು ಬೆರಳಲ್ಲಿ ಹಿಡಿದು, ಸಣ್ಣ ಬ್ರಷ್ಷಿನಿಂದ ಒಂದೊಂದೇ ಎಲೆ ಸವರಿ, ರಬ್ಬರ್ ಚೆಂಡು ಅಮುಕಿ ಊದಿದೆ. ಮೆಮೊರಿ ಕೂರುವ ಸಂದಿಯಲ್ಲಿ ಸುಣ್ಣ ಇಳಿದಿತ್ತು. ಊದಿದಷ್ಟೂ ಬರುತ್ತಿತ್ತು, ಬಂದಷ್ಟೂ ಸಿಟ್ಟು ಏರುತ್ತಿತ್ತು. ಕೈ ಮಾತ್ರ ಮೆತ್ತಗೇ ಇಟ್ಟೆ. ಬಯ್ಯುವುದನ್ನೆಲ್ಲ ಬಾಯಲ್ಲಿ ಬಯ್ದೆ, ಬಾಗಿಲ ಆಚೆ ಇರುವವರಿಗೆ ಕೇಳಿಸುವ ಹಾಗೆಯೇ ಬಯ್ದೆ. ಮಧ್ಯಾಹ್ನದ ಊಟಕ್ಕೆ ಕರೆದರು, ಹೋಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲ ಜೋಡಿಸಿ ಪ್ಲಗ್ ಹಾಕಿದೆ. ಸ್ವಿಚ್ ಒತ್ತಿದೆ. ಫ್ಯಾನು ಸದ್ದಿಲ್ಲದೆ ತಿರುಗಿತು, ಪರದೆ ಹೊತ್ತಿತು. ಪುಟಗಳಿದ್ದವು. ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡು, ಅದನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಆಗ ಅಳು ಬಂತು, ಅಲ್ಲೇ ಕೂತು ಅತ್ತುಬಿಟ್ಟೆ.

ಹೊರಗೆ ಬಂದರೆ ಜಗುಲಿಯ ಮೇಲೆ ಕೂತಿದ್ದ ಗಂಡ, "ಆನ್ ಆಯ್ತಾ? ನಾನು ಊದಿದ್ದು ಕೆಲ್ಸ ಮಾಡ್ತು ನೋಡು" ಎಂದರು.

ನಾನು ಹೊಲಕ್ಕೆ ಹೋಗುವ ಚಪ್ಪಲಿ ಮೆಟ್ಟಿಕೊಂಡು ನೇರ ಹುಳದ ಕೋಣೆಯ ಬಾಗಿಲಿಗೆ ಹೋದೆ. ಗೋಣಿಚೀಲ ದಾಟಿ ಒಂದು ಕಾಲನ್ನು ಹೊಸ್ತಿಲ ಮೇಲೆ ಎತ್ತಿ ಹಿಡಿದೆ.

"ಚಪ್ಲಿ! ಲೇ, ಚಪ್ಲಿ!" ಎಂದು ಅವರು ಎದ್ದು ಓಡಿ ಬಂದರು.

"ಯಾಕೆ? ಹೋದ್ರೆ ಹೋಯ್ತು. ಹೊಸ ಹುಳ ತರೋಣ ಬುಡಿ."

ಅವರು ಅಲ್ಲೇ ನಿಂತರು. ನನ್ನ ಕಾಲು ನೋಡಿದರು, ಆಮೇಲೆ ಮುಖ ನೋಡಿದರು. ಒಳಗೆ ಹುಳಗಳು ತಲೆ ಎತ್ತಿ ಅಲುಗಾಡದೆ ಕೂತಿದ್ದವು. ಅವು ಯಾರಿಗೂ ಏನೂ ಮಾಡಿರಲಿಲ್ಲ. ಕಾಲು ಹಿಂದಕ್ಕೆ ತೆಗೆದುಕೊಂಡೆ. ಅವತ್ತೇ ಅಡುಗೆಮನೆಯಿಂದ ಒಂದು ಹಳೆ ಬೇಸಿನ್ ತಂದು, ನೀರು ತುಂಬಿ, ನನ್ನ ಕೋಣೆಯ ಬಾಗಿಲಲ್ಲೂ ಇಟ್ಟೆ.

ಸೋಮವಾರ ಪುಟಗಳು ಪ್ರೆಸ್ ಸೇರಿದವು. ಪುಸ್ತಕ ಅಚ್ಚಾಗಿ ಬಂದ ದಿನ ನಮ್ಮ ಮನೆಯಲ್ಲಿ ಮುಂದಿನ ಬೆಳೆಯ ಹುಳ ಜ್ವರಕ್ಕೆ ಕೂತಿತ್ತು. ಗಂಡ ಹುಳದ ಕೋಣೆಯಿಂದ ಹಾಗೆಯೇ ಬಂದು, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಒಳಪುಟ ಹುಡುಕಿ, ನನ್ನ ಹೆಸರನ್ನು ಅತ್ತೆಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದರು. ಅವರ ದನಿಯಲ್ಲಿ ಸಂತೋಷವಿತ್ತು, ಅದನ್ನು ಇಲ್ಲ ಎನ್ನುವುದಿಲ್ಲ. ಪುಸ್ತಕ ವಾಪಸು ಕೊಟ್ಟಾಗ ನನ್ನ ಹೆಸರಿನ ಮೇಲೆ ಸುಣ್ಣದ ಹೆಬ್ಬೆರಳ ಗುರುತು ಬೆಳ್ಳಗೆ ಮೂಡಿತ್ತು.

ನಾನು ಬೇಸಿನ್ ಕಡೆ ಕೈ ತೋರಿಸಿದೆ. ಅವರು ಹೋಗಿ ಕೈ ತೊಳೆದುಕೊಂಡು ಬಂದರು. ಮೆತ್ತನೆಯ ಸಣ್ಣ ಬ್ರಷ್ಷು ಮೇಜಿನ ಮೇಲೇ ಇತ್ತು, ಒಂದು ಸಲ ಸವರಿದರೆ ಆ ಗುರುತು ಹೋಗುತ್ತಿತ್ತು. ನಾನು ಬ್ರಷ್ಷನ್ನು ಅವರ ಕೈಗೆ ಕೊಟ್ಟು, "ಮೆತ್ತಗೆ" ಎಂದೆ.