ಕೇಳದೆ ಬಂದ ಟೋಕನ್

ನಂಬುವವರು ನಂಬಿ, ಬಿಡುವವರು ಬಿಡಿ. ಇದು ಇಂಡಿ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನನ್ನ ಕಣ್ಣೆದುರೇ ನಡೆದದ್ದು. ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಕಬ್ಬಿನ ಗಾಡಿ ತೂಗುವ ಕಾಟಾಕ್ಕೆ ಪ್ರೋಗ್ರಾಂ ಬರೆದವನು ನಾನು. ತೂಕದ ಚೀಟಿ ಬರಬೇಕಾದರೆ ಗುಮಾಸ್ತರ ಹೆಸರಿಗೆ ಸರ್ವರ್‌ನಿಂದ ಟೋಕನ್, ಅಂದರೆ ಗಳಿಗೆ ಹೊತ್ತಿನ ಪರವಾನಗಿ, ಸಿಗಬೇಕು. ಪ್ರೋಗ್ರಾಂ ಅದನ್ನು ಕೇಳಿ ಸುಮ್ಮನೆ ಕೂರುವುದಿಲ್ಲ. ಚಹಾ ಹೇಳಿ ಪೇಪರ್ ಓದುವವರಂತೆ ಬೇರೆ ಕೆಲಸ ಮಾಡುತ್ತಿರುತ್ತದೆ, ಬಂದಾಗ ತೆಗೆದುಕೊಳ್ಳುತ್ತದೆ.

ಆ ಹಂಗಾಮಿನಲ್ಲಿ, ಸದಾ ಸುಣ್ಣ-ತಂಬಾಕು ತಿಕ್ಕುತ್ತಿದ್ದ, ಈಗ ತೀರಿಹೋಗಿದ್ದ ಗುಮಾಸ್ತ ಮಲಕಪ್ಪನ ಹೆಸರಿನಲ್ಲಿ ರಾತ್ರಿ ಹೊತ್ತು ಚೀಟಿಗಳು ಬರತೊಡಗಿದವು. ಗಾಡಿಯೇ ಇಲ್ಲದ ಚೀಟಿಗಳು! ಯಾರಿಗಾದರೂ ಬೇಕಾದೀತೆಂದು ಅವನ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿಟ್ಟಿದ್ದ ಬುದ್ಧಿಗೇಡಿಗಳು ಆ ಕಾರ್ಖಾನೆಯವರು. ಆದರೆ ಮ್ಯಾನೇಜರ್ ಮಹಾಶಯರು ಬೊಟ್ಟು ಮಾಡಿದ್ದು ರಾತ್ರಿಪಾಳಿಯ ಗುಮಾಸ್ತೆ ಕಸ್ತೂರಿಬಾಯಿಯತ್ತ.

"ಆಕೀನ ಮಾಡಾಕತ್ತಾಳ. ನೀವು ಹಂಗಂತ ಬರದು ಕೊಡ್ರಿ, ಮುಂಜಾನಿ ಕೆಲಸದಿಂದ ತಗೀತೇನಿ."

ಆ ರಾತ್ರಿ ಮಲಕಪ್ಪನ ಹೆಸರನ್ನೇ ಸರ್ವರ್‌ನಿಂದ ಅಳಿಸಿ, ಆಕೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಗಾಡಿಗಳ ಸಾಲು ಮುಗಿದಿತ್ತು. ಹೊರಗೆ ಕಾಕಂಬಿಯ ಹುಳಿ ವಾಸನೆ...

"ಸಾಹೇಬ್ರ, ಮಲಕಪ್ಪಣ್ಣ ಬರೂ ಹೊತ್ತಾತ್ರಿ," ಎಂದಳು ಮೆಲ್ಲಗೆ.

"ಕಥಿ ಕಟ್ಟಬ್ಯಾಡ್ರಿ. ಕೈ ತೊಡಿ ಮ್ಯಾಲ ಇಡ್ರಿ," ಎಂದು ಗದರಿದೆ. ಇಟ್ಟಳು.

ಪರದೆಯ ಮೇಲೆ ಒಂದು ಸಾಲು ಮೂಡಿತು... ಟೋಕನ್ ಬಂದಿದೆ. ಮಲಕಪ್ಪನ ಹೆಸರಿಗೆ. ಟೋಕನ್ ಕೇಳಿದ್ದಕ್ಕೂ ಒಂದು ಸಾಲು ಇರಬೇಕಲ್ಲ, ಅದೆಲ್ಲಿ? ಮೇಲೆ ಕೆಳಗೆ ಹುಡುಕಿದೆ. ನಮ್ಮ ಯಂತ್ರ ಅದನ್ನು ಕೇಳಿಯೇ ಇರಲಿಲ್ಲ.

ಇಂಟರ್ನೆಟ್ ವೈರು ಕಿತ್ತೆಸೆದೆ. ಆದರೂ ಪ್ರಿಂಟರ್ ಕರ್ರ್... ಎಂದಿತು. ಅದೇ ಗಳಿಗೆಗೆ ನನ್ನ ಹೆಗಲ ಹಿಂದಿನಿಂದ ಸುಣ್ಣ ತಿಕ್ಕಿದ ತಂಬಾಕಿನ ವಾಸನೆ ಬಂತು. ಚೀಟಿಯಲ್ಲಿ ಅರವತ್ತು ಕಿಲೋ. ಕಬ್ಬಿನ ತೂಕವಲ್ಲ ಅದು, ಒಬ್ಬ ಮನುಷ್ಯನ ತೂಕ. ಕಿಟಕಿಯಿಂದ ನೋಡಿದರೆ ಕಾಟಾ ಖಾಲಿ.

"ಕಣ್ಣಾರೆ ನೋಡಿದ್ರಿಲ್ಲ? ಇದನ್ನ ಬರೀರಿ," ಎಂದು ಕಸ್ತೂರಿಬಾಯಿ ಅತ್ತಳು.

"ಬರೀತೇನಿ," ಎಂದೆ.

ಬೆಳಗಾಯಿತು. ನಿಜ ಬರೆದರೆ ಜನ ನಗುತ್ತಾರೆ. ಪ್ರೋಗ್ರಾಂ ತಪ್ಪು ಎಂದು ಬರೆದರೆ ನನ್ನ ಹೆಸರು ಕೆಡುತ್ತದೆ. ಅಷ್ಟು ಹೊತ್ತು ಎಲ್ಲರನ್ನೂ ಮೂರ್ಖರೆಂದ ಈ ಮಹಾಪಂಡಿತ "ಗುಮಾಸ್ತೆಯ ಕೈವಾಡ" ಎಂದು ಬರೆದು ಸಹಿ ಹಾಕಿದ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ. ಕೆಲಸ ಕಳೆದುಕೊಂಡ ಆಕೆ ತನ್ನೂರು ತಾಂಬಾದ ಟೆಂಪೋ ಹತ್ತಿದಳು.

ಮರುದಿನ ಮ್ಯಾನೇಜರ್ ಫೋನ್ ಮಾಡಿದರು.

"ನಿನ್ನಿ ರಾತ್ರಿನೂ ಮಲಕಪ್ಪನ ಚೀಟಿ ಬಂದೈತ್ರಿ... ಇದು ಯಾರ ಕೈವಾಡ?"

ಆಕೆಯನ್ನು ವಾಪಸ್ ಕರೆಯಿರಿ ಎನ್ನಲು ಆಗಲೂ ನನಗೆ ಬಾಯಿ ಬರಲಿಲ್ಲ.