ಬಾಣಂತಿ ಕೋಣೆಗೊಂದು ಕಿಟಕಿ

ನಮ್ಮ ಮನೆಗೆ ಹೊಸ ಕಾಲ ಬಂದದ್ದು ಮುಂಬಾಗಿಲಿನಿಂದ. ಬಂದದ್ದು ಜಗುಲಿಯಲ್ಲೇ ಕೂತುಬಿಟ್ಟಿತು, ಒಳಗೆ ಬರಲಿಲ್ಲ.

ಸಿದ್ದಾಪುರ, ಅಂಕೋಲೆ ಕಡೆಯ ಕರನಿರಾಕರಣೆಯ ಗದ್ದಲ ತಣ್ಣಗಾಗಿದ್ದ ವರ್ಷಗಳವು. ನಾವಿದ್ದದ್ದು ಯಲ್ಲಾಪುರದ ಪೇಟೆಯಲ್ಲಿ, ಗಂಡನ ಅಜ್ಜ ಕಟ್ಟಿಸಿದ ಮಣ್ಣಿನ ಗೋಡೆಯ ಮನೆಯಲ್ಲಿ. ಮನೆಯಲ್ಲಿ ಮೂರೇ ಜನ: ಅತ್ತೆ, ಅವರ ಒಬ್ಬನೇ ಮಗನಾದ ನನ್ನ ಗಂಡ, ಮತ್ತು ನಾನು. ಮಾವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಇವರು ಜಂಗಲ್ ಆಫೀಸಿನಲ್ಲಿ ಕಾರಕೂನರು. ಸಾಹೇಬರು ಒಂದಲ್ಲ ಒಂದು ದಿನ ಮನೆಗೆ ಬಂದಾರು ಎಂದುಕೊಂಡು ಒಂದು ಬೇಸಿಗೆಯಲ್ಲಿ ಜಗುಲಿಯನ್ನು ಹೊಸದು ಮಾಡಿಸಿದರು. ಸಗಣಿ ಸಾರಿಸುವ ನೆಲ ಹೋಗಿ ಸಿಮೆಂಟು ಬಂತು. ಸುಣ್ಣಕ್ಕೆ ನೀಲಿ ಕಲಸಿ ಗೋಡೆಗೆ ಬಳಿದರು. ಮರದ ಸರಳಿನ ಹಳೇ ಕಿಟಕಿ ಕಿತ್ತು ಗಾಜಿನ ಬಾಗಿಲಿನ ದೊಡ್ಡ ಕಿಟಕಿ ಕೂರಿಸಿದರು. ಹುಬ್ಬಳ್ಳಿಯಿಂದ ಮೋಟಾರಿನ ನೆತ್ತಿಯ ಮೇಲೆ ಮೇಜು ಖುರ್ಚಿ ಬಂದವು. ಸಾಹೇಬರು ಬಂದದ್ದೂ ನಿಜ. ಕುದುರೆಯಿಂದ ಇಳಿಯದೆ ಅಂಗಳದಲ್ಲೇ ಎರಡು ಮಾತಾಡಿ ಹೊರಟುಹೋದರು. ಆ ಖುರ್ಚಿಯ ಮೇಲೆ ಬಹಳ ದಿನ ನಮ್ಮ ಬೆಕ್ಕು ಮಲಗುತ್ತಿತ್ತು.

ಮನೆಯ ಹಿಂಭಾಗಕ್ಕೆ ಇದರ ಸುದ್ದಿಯೇ ಮುಟ್ಟಿರಲಿಲ್ಲ. ಅಡಿಗೆಮನೆಯ ಹೊಗೆ ಹಂಚಿನ ಸಂದಿಯಲ್ಲಿ ದಾರಿ ಕಂಡುಕೊಂಡು ಹೋಗಬೇಕು. ಅದರ ಮಗ್ಗುಲಲ್ಲಿ ಬಾಣಂತಿ ಕೋಣೆ, ಉಳಿದ ದಿನ ಉಪ್ಪಿನಕಾಯಿ ಭರಣಿ ಇಡುವ ಜಾಗ. ಅದಕ್ಕೆ ಕಿಟಕಿಯೇ ಇಲ್ಲ. ಅಂಗೈಯಗಲದ ಒಂದು ಬೆಳಕಿಂಡಿ ಇತ್ತು, ಹೆರಿಗೆಯ ಹೊತ್ತಿಗೆ ಗಾಳಿ ಸೋಕಬಾರದೆಂದು ಅದಕ್ಕೂ ಬಟ್ಟೆ ತುರುಕುತ್ತಿದ್ದರು.

ಚೊಚ್ಚಿಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುವುದು ಪದ್ಧತಿ. ನನಗೆ ತಾಯಿ ಇರಲಿಲ್ಲವಾದ್ದರಿಂದ ಆ ಕೋಣೆಯಲ್ಲೇ ಆಯಿತು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಸೂಲಗಿತ್ತಿ ಚಿಮಣಿ ಬುಡ್ಡಿ ಹಿಡಿದು ಕೂತಿದ್ದಳು. ಅಗ್ಗಿಷ್ಟಿಕೆಯ ಹೊಗೆಗೆ ಅವಳ ಕಣ್ಣಲ್ಲೂ ನೀರು. ಮಗು ಹುಟ್ಟಿತು, ಅಳಲಿಲ್ಲ. ಕೊರಳಿಗೆ ಹೊಕ್ಕಳಬಳ್ಳಿ ಸುತ್ತಿಕೊಂಡದ್ದು ಅವಳ ಕೈಗೆ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಳಕಿದ್ದರೆ ಉಳಿಯುತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಆದರೆ ಬೆಳಕಿರಲಿಲ್ಲ. ಆ ಸಿಟ್ಟು ಇಷ್ಟು ವರ್ಷವಾದರೂ ನನ್ನಲ್ಲಿ ಆರಿಲ್ಲ, ಆರಿಸಿಕೊಳ್ಳಬೇಕೆಂದೂ ನನಗೆ ಅನ್ನಿಸಿಲ್ಲ.

ಇದಾದ ಮರುವರ್ಷದ ಬೇಸಿಗೆಯಲ್ಲಿ ಜಗುಲಿಗೆ ಗಾಜು ಬಂದದ್ದು. ಕಿತ್ತ ಹಳೇ ಕಿಟಕಿಯನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದರು. ಅದನ್ನೇ ಹಿಂದಿನ ಕೋಣೆಗೆ ಕೂರಿಸಿ ಎಂದು ನಾನು ಕೇಳಿದೆ. ಇವರು "ಬಪ್ಪ ವರ್ಷ ನೋಡನ" ಎಂದು ಮುಂದಕ್ಕೆ ಹಾಕಿದರು. ಅತ್ತೆ ಅಷ್ಟಕ್ಕೂ ಎಡೆ ಕೊಡಲಿಲ್ಲ. "ಬಾಣಂತಿಗೆ ಗಾಳಿ ಸೋಕ್ತು. ಆ ಕೋಣೆಗೆ ಕಿಟಕಿ ಇಡಲಾಗ" ಎಂದು ಒಂದೇ ಮಾತಿಗೆ ಮುಗಿಸಿದರು. ಅತ್ತೆಯ ಮಾತೆಂದರೆ ಹಾಗೆ. ಅವರ ಬಾಯಲ್ಲಿ ಸುಳ್ಳು ಬಂದದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ, ಒಮ್ಮೆ ಆಡಿದ ಮಾತು ತಿರುಗಿದ್ದನ್ನೂ ಕೇಳಿರಲಿಲ್ಲ.

ಚೌತಿ ಕಳೆದ ಮೇಲೆ ನನಗೆ ಮತ್ತೆ ದಿನ ತಪ್ಪಿತು.

ಈಗ ಒಂದು ಮಾತು ಹೇಳಬೇಕು. ಬಸುರಿ ಇರುವ ಮನೆಯಲ್ಲಿ ಗೋಡೆ ಒಡೆಯಬಾರದು, ಕಂಬಕ್ಕೆ ಮೊಳೆ ಕೂಡ ಹೊಡೆಯಬಾರದು. ಹೊಡೆದರೆ ಹುಟ್ಟುವ ಮಗುವಿನ ತುಟಿ ಸೀಳುತ್ತದೆ, ಬೆರಳು ಕೂಡಿಕೊಳ್ಳುತ್ತದೆ. ಇದು ನಮ್ಮ ಮನೆಯ ಕಟ್ಟಳೆ ಮಾತ್ರವಲ್ಲ, ಊರಿಗೆಲ್ಲ ಇದ್ದದ್ದು. ಗೋಡೆ ಕೆಲಸದ ಗೌಂಡಿಗಳೂ ಹಾರೆ ಎತ್ತುವ ಮೊದಲು ಮನೆಯ ಹಿರಿಯ ಹೆಂಗಸನ್ನು ಕೇಳಿಯೇ ಮುಂದುವರಿಯುತ್ತಿದ್ದರು. ಜಗುಲಿ ಕೆಲಸದಲ್ಲಿ ನಮ್ಮ ಗೌಂಡಿ ಅತ್ತೆಯನ್ನು ಕೇಳಿದ್ದು ನನ್ನ ಕಿವಿಯಲ್ಲೇ ಇತ್ತು. ಬಸುರಿಗೆ ಕಿಟಕಿ ಬೇಕು, ಬಸುರಿ ಇದ್ದರೆ ಕಿಟಕಿ ಇಡುವಂತಿಲ್ಲ, ಇಲ್ಲದಾಗ ಕಿಟಕಿ ಯಾರಿಗೂ ನೆನಪಾಗುವುದಿಲ್ಲ. ಎಷ್ಟು ಚೆಂದದ ಏರ್ಪಾಡು ನೋಡಿ.

ಹಾಗಾಗಿ ನಾನು ಬಸುರನ್ನು ಮುಚ್ಚಿಟ್ಟೆ. ಗಂಡನಿಗೂ ಹೇಳಲಿಲ್ಲ. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಬೆಳಿಗ್ಗೆ ಹೇಳಿದ್ದು ಸಂಜೆಗೆ ತಾಯಿಗೆ ತಲುಪುತ್ತದೆ. ಆದರೆ ನಮ್ಮಂಥ ಮನೆಯಲ್ಲಿ ಅದನ್ನು ಮುಚ್ಚಿಡುವುದು ಬಾಯಿ ಮುಚ್ಚಿಕೊಂಡಷ್ಟು ಸುಲಭವಲ್ಲ. ಮುಟ್ಟಾದವಳು ಮೂರು ದಿನ ಹೊರಗೆ ಕೂರಬೇಕು. ಕೂರದಿದ್ದರೆ ಅತ್ತೆಗೆ ಆ ದಿನವೇ ಗೊತ್ತಾಗುತ್ತದೆ. ಆದ್ದರಿಂದ ತಿಂಗಳು ಬರುತ್ತಲೇ ಮುಟ್ಟಾದೆನೆಂದು ಹೇಳಿ, ಚಾಪೆ ತೆಗೆದುಕೊಂಡು ಕೊಟ್ಟಿಗೆಯ ಪಕ್ಕದ ಮಾಡಿನಡಿಗೆ ಹೋಗಿ ಕೂತೆ. ಅತ್ತೆ ದೂರದಿಂದಲೇ ಎಲೆಗೆ ಅನ್ನ ಹಾಕಿ ಹೋಗುತ್ತಿದ್ದರು. ಅಲ್ಲಿ ಹೊಗೆಯಿಲ್ಲ, ಒಗ್ಗರಣೆಯ ವಾಸನೆಯಿಲ್ಲ, ವಾಂತಿ ಬಂದರೆ ಗೊಬ್ಬರಗುಂಡಿ ಹತ್ತಿರದಲ್ಲೇ ಇತ್ತು. ಎದುರಿಗೆ ಹಳೇ ಕಿಟಕಿ. ಅದನ್ನು ನೋಡುತ್ತ ನಾನು ದೇವರಿಗೆ ಒಂದೇ ಸಮನೆ ತಪ್ಪುಗಾಣಿಕೆ ಹೇಳಿಕೊಳ್ಳುತ್ತಿದ್ದೆ. ಏಕೆಂದರೆ ನಾನು ಕಟ್ಟಳೆ ಮೀರಿದ ಧೀರೆಯೇನೂ ಅಲ್ಲ. ತುಟಿ ಸೀಳುತ್ತದೆಂಬುದನ್ನು ನಾನೂ ನಂಬಿದ್ದೆ. ಕತ್ತಲೆ ಕೋಣೆಯ ಹೆದರಿಕೆ ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಿತ್ತು, ಅಷ್ಟೇ.

ದೀಪಾವಳಿ ಕಳೆದು ಒಂದು ದಿನ ಸರಕಾರಿ ದವಾಖಾನೆಯ ಡಾಕ್ಟರು ನಮ್ಮ ಜಗುಲಿಗೆ ಬಂದು, ಬೆಕ್ಕನ್ನು ಎಬ್ಬಿಸಿ ಖುರ್ಚಿಯಲ್ಲಿ ಕೂತರು. ಗಾಳಿ ಬೆಳಕು ಎಷ್ಟು ಚೆನ್ನಾಗಿದೆ, ಒಳಗಿನ ಕೋಣೆಗಳೂ ಹೀಗೆಯೇ ಇವೆಯೇ ಎಂದು ಕೇಳಿದರು. ಇವರು ಹಿಂದುಮುಂದು ನೋಡದೆ "ಹೌದು, ಎಲ್ಲ ಹೀಗೆಯೇ" ಅಂದುಬಿಟ್ಟರು. ನಾನು ಬಾಗಿಲ ಮರೆಯಲ್ಲಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಬಿಡಲಿಲ್ಲ.

"ಒಳಗೂ ಹಿಂಗೇ ಕಿಟಕಿ ಇದ್ದು ಹೇಳಿ ಡಾಕ್ಟರ ಹತ್ರ ಹೇಳಿದ್ರಿ. ನಾಳೆ ನೋಡವು ಹೇಳಿ ಬಂದ್ರೆ ಎಂತ ತೋರ್ಸದು? ಉಪ್ಪಿನಕಾಯಿ ಭರಣಿಯ?"

ಇವರು ತಾಯಿಯ ಮುಖ ನೋಡಿದರು. ಅತ್ತೆ ಮಜ್ಜಿಗೆ ಬಡಿಸಿ ಒಳಗೆ ಹೋದರು. ಆದರೆ ಮರುದಿನ ಬೆಳಿಗ್ಗೆ ಅವರೇ ಮಗನನ್ನು ಕರೆದರು.

"ಗೌಂಡಿನ ಕರೆಸು. ಆ ಕೋಣೆಗೆ ಕಿಟಕಿ ಇಡ್ಸವು."

"ಗಾಳಿ ಸೋಕ್ತು ಹೇಳಿ ನೀನೇ ಹೇಳಿದ್ದೆ."

"ಸೋಕಿದ್ರೆ ಸೋಕ್ತು. ನಿನ್ನ ಸಾಹೇಬ್ರಿಗೆ ಒಂದು ಇಡ್ಸಿದ್ದೆ, ಯಂಗಕ್ಕೂ ಒಂದು ಇಡ್ಸು."

ನನ್ನ ಕುಟುಕು ಕೆಲಸ ಮಾಡಿತೆಂದು ಒಳಗೊಳಗೇ ಬೀಗಿದೆ.

ಗೌಂಡಿ ಮುಂಡಗೋಡದ ಕಡೆಯವನು. ಕೈ ಒಳ್ಳೆಯದು, ಮಾತು ಮಾತ್ರ ನಂಬುವಂತಿಲ್ಲ. "ನಾಳಿ ಬರ್ತೀನ್ರಿ" ಎಂದು ಹೇಳಿ ಕಳಿಸುತ್ತಿದ್ದ. ಆ ನಾಳೆ ಬರುತ್ತಲೇ ಇರಲಿಲ್ಲ. ನಾನು ಮತ್ತೊಮ್ಮೆ ಹೊರಗೆ ಕೂತು ಎದ್ದೆ. ಸೀರೆಯ ಗಂಟು ಬಿಗಿಯಾಗತೊಡಗಿತು. ಇನ್ನೊಂದು ತಿಂಗಳು ಹೋದರೆ ಹೊರಗೆ ಕೂತರೂ ಒಳಗೆ ಕೂತರೂ ಯಾರ ಕಣ್ಣಿಗೂ ಮಣ್ಣೆರಚುವಂತಿರಲಿಲ್ಲ. ರಸ್ತೆಯಲ್ಲಿ ಗಾಡಿಯ ಸದ್ದಾದರೆ ಸಾಕು, ಗೌಂಡಿಯೇ ಎಂದು ಇಣುಕುತ್ತಿದ್ದೆ.

ಕೊನೆಗೂ ಬಂದ. ಹಾರೆಯನ್ನು ಗೋಡೆಗೆ ಒರಗಿಸಿ, ಕಾಯಿ ಒಡೆದು, ಅತ್ತೆಯ ಕಡೆ ತಿರುಗಿದ.

"ಅವ್ವಾರ, ಮನಿಯಾಗ ಬಸುರಿ ಯಾರರ ಅದಾರೇನ್ರಿ? ಇದ್ರ ಗ್ವಾಡಿಗೆ ಕೈ ಹಚ್ಚಂಗಿಲ್ಲ ನೋಡ್ರಿ."

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಈಗ ನನ್ನತ್ತ ತಿರುಗುತ್ತಾರೆ, ಏನೇ ಎಂದು ಕೇಳುತ್ತಾರೆ, ನನ್ನ ಮುಖ ಎಲ್ಲವನ್ನೂ ಹೇಳಿಬಿಡುತ್ತದೆ ಎಂದು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅತ್ತೆ ತಿರುಗಲಿಲ್ಲ.

"ಯಾರೂ ಇಲ್ಲ. ನೀನು ಶುರು ಮಾಡು."

ಮೊದಲ ಪೆಟ್ಟು ಬಿತ್ತು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಒಲೆಯ ಮುಂದೆ ಕುಕ್ಕರಿಸಿದೆ. ಒಂದೊಂದು ಪೆಟ್ಟಿಗೂ ಇದು ತುಟಿಗೆ, ಇದು ಬೆರಳಿಗೆ ಅನ್ನಿಸುತ್ತಿತ್ತು. ಅನ್ನ ಸೀದ ವಾಸನೆ ಬಂದಮೇಲೇ ನನಗೆ ಒಲೆಯ ನೆನಪಾದದ್ದು.

ಸಂಜೆಯ ಹೊತ್ತಿಗೆ ಗೋಡೆಯಲ್ಲಿ ಕಂಡಿ ಬಿದ್ದಿತ್ತು. ಅಷ್ಟರಲ್ಲಿ ಮೇಲಿನ ಮಣ್ಣು ದೊಡ್ಡ ಹೆಂಟೆಯಾಗಿ ಕುಸಿಯಿತು. ಗೌಂಡಿ ಹಾರೆ ಕೆಳಗಿಟ್ಟ. "ಮ್ಯಾಲ ತೊಲಿ ಕೊಡದ ಮುಂದ ಹೋಗಂಗಿಲ್ರಿ. ಗ್ವಾಡಿ ಪೂರ್ತಿ ಕುಂತಬಿಡ್ತೈತಿ" ಅಂದ. ತೊಲೆಗೆ ಮರ ಬೇಕು, ಮರಕ್ಕೆ ಜಂಗಲ್ ಆಫೀಸಿನ ಪಾಸು ಬೇಕು. ಊರವರ ಪಾಸನ್ನೆಲ್ಲ ತಮ್ಮ ಕೈಯಾರೆ ಬರೆಯುವ ಕಾರಕೂನರಿಗೆ ತಮ್ಮ ಮನೆಯ ಒಂದು ತುಂಡು ಮರಕ್ಕೆ ಪಾಸು ಕೇಳಲು ಸಂಕೋಚ. ಸಾಹೇಬರ ಮುಖ ನೋಡಿ ಹೊತ್ತು ಕಾಯುತ್ತ ಕೂತರು. ಗೋಡೆ ಬಾಯಿ ತೆರೆದುಕೊಂಡೇ ಇತ್ತು. ಅತ್ತೆ ಅದಕ್ಕೊಂದು ಹಳೇ ಕಂಬಳಿ ಇಳಿಬಿಟ್ಟರು. ಆ ದಿನಗಳಲ್ಲಿ ನಾನು ಗಂಡನ ಜೊತೆ ಸರಿಯಾಗಿ ಮಾತಾಡಿದ ನೆನಪಿಲ್ಲ.

ತೊಲೆ ಬಂತು. ಗೌಂಡಿ ಅದನ್ನು ಎತ್ತಿ ಕೂರಿಸಲು ಕಲ್ಲು ಜೋಡಿಸುತ್ತಿದ್ದ ದಿನ ನನಗೆ ತಡೆಯಲಾಗಲಿಲ್ಲ. ಹಿತ್ತಿಲಿಗೆ ಓಡಿ ವಾಂತಿ ಮಾಡಿದೆ. ತಲೆ ಎತ್ತಿದರೆ ಗೋಡೆಯ ಕಂಡಿಯಲ್ಲಿ ಅವನ ಮುಖ. ಅವನು ನನ್ನನ್ನು ನೋಡಿದ, ಹೊಟ್ಟೆಯ ಮೇಲಿದ್ದ ನನ್ನ ಕೈ ನೋಡಿದ. ಆಮೇಲೆ ಕೈಯ ಕಲ್ಲನ್ನು ನೆಲಕ್ಕಿಟ್ಟು, ಒಳಗಿದ್ದ ಅತ್ತೆಯ ಕಡೆ ತಿರುಗಿದ.

"ಸೊಸಿಯವರಿಗೆ ಆರಾಮ ಇಲ್ಲೇನ್ರಿ, ಅವ್ವಾರ? ಇದ್ದದ್ದು ಇದ್ದಂಗ ಹೇಳ್ರಿ. ನಾನೂ ಮಕ್ಕಳೊಂದಿಗ ಅದೀನಿ."

ಅವನು ಬಿಟ್ಟು ಹೋದರೆ ಆ ಊರಿನಲ್ಲಿ ಬೇರಾವ ಗೌಂಡಿಯೂ ಕೈ ಹಾಕುತ್ತಿರಲಿಲ್ಲ. ಗೋಡೆ ಒಡೆದ ಪಾಪವೂ ಉಳಿಯುತ್ತಿತ್ತು, ಕಿಟಕಿಯೂ ಇಲ್ಲವಾಗುತ್ತಿತ್ತು. ಒಳಗಿನಿಂದ ಅತ್ತೆಯ ಧ್ವನಿ ಕೇಳಿತು.

"ಅವಳು ಮೊನ್ನೆಯಷ್ಟೇ ಹೊರಗೆ ಕೂತು, ಮಿಂದು ಬಂದವಳು. ಪಿತ್ತ ಆಗಿದೆ. ನೀನು ತೊಲೆ ಇಡು."

ಗಂಡಸರ ಎದುರು ಇಂಥ ಮಾತು ಆಡಿದವರೇ ಅಲ್ಲ ನಮ್ಮ ಅತ್ತೆ. ಗೌಂಡಿಗೂ ನಾಚಿಕೆಯಾಗಿರಬೇಕು, ತಲೆ ತಗ್ಗಿಸಿ ಕಲ್ಲು ಎತ್ತಿಕೊಂಡ. ನಾನು ಹೂಡಿದ ಆಟ ನನ್ನನ್ನು ಕಾಪಾಡಿತೆಂದು ಬಾಯಿ ತೊಳೆದುಕೊಂಡು ಒಳಗೆ ಬಂದೆ.

ಕಿಟಕಿ ಕೂತಿತು. ಸುತ್ತ ಮೆತ್ತಿದ ಗಿಲಾಯಿ ಒಣಗಿ, ಗೌಂಡಿ ತನ್ನ ಸಾಮಾನು ಕಟ್ಟಿಕೊಂಡು ಹೋದ. ಇನ್ನು ಹೇಳಿಬಿಡಬಹುದು, ಈಗಷ್ಟೇ ದಿನ ತಪ್ಪಿತೆಂದು ನಾಚಿದವಳಂತೆ ಹೇಳಬೇಕು ಎಂದು ಲೆಕ್ಕ ಹಾಕಿಕೊಂಡು ಕೋಣೆಗೆ ಹೋದೆ. ಅತ್ತೆ ಉದುರಿದ ಮಣ್ಣು ಗುಡಿಸುತ್ತಿದ್ದರು. ನನ್ನನ್ನು ನೋಡದೆಯೇ ಮಾತಾಡಿದರು.

"ಈ ತಿಂಗಳಿಂದ ಹೊರಗೆ ಕೂರೂದು ಬ್ಯಾಡ. ಚಳಿ ಇದ್ದು."

ಮಣ್ಣನ್ನು ಒಂದು ಮೂಲೆಗೆ ಒಟ್ಟುತ್ತಲೇ ಮುಂದುವರಿಸಿದರು.

"ಮುಟ್ಟಾದವಕ್ಕೆ ತೊಳೆಯ ಬಟ್ಟೆ ಇರ್ತು, ತಂಗಿ. ನೀ ಹೊರಗೆ ಕೂತಾಗೆಲ್ಲ ಬೇಲಿ ಮೇಲೆ ಒಂದು ಚೂರು ಬಟ್ಟೆನೂ ಒಣಗಿದ್ದಿಲ್ಲೆ."

"ಹಂಗಾದ್ರೆ ಗೌಂಡಿ ಕೇಳಿದಾಗ..."

"ಸುಳ್ಳು ಹೇಳಿದ್ದು ಆನು. ಎಂತಾದ್ರೂ ಬಂದ್ರೆ ಯನ್ನ ತಲೆ ಮೇಲೆ ಬತ್ತು. ನಿಂಗೆ ಅದ್ರ ಚಿಂತೆ ಬ್ಯಾಡ."

ಯಾಕೆ ಎಂದು ಕೇಳಿದೆ. ಅವರು ಮಣ್ಣನ್ನು ಮೊರಕ್ಕೆ ತುಂಬಿಕೊಂಡು ಹಿತ್ತಿಲಿಗೆ ಹೋದರು.

ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಹೆದರಿಕೆ ಇಮ್ಮಡಿಯಾಯಿತು. ಅತ್ತೆ ತುಟಿ ಸೀಳುವ ಮಾತನ್ನು ಸುಳ್ಳೆಂದು ತಿಳಿದು ಹಾಗೆ ಮಾಡಿದ್ದರೆ ನನಗೂ ಧೈರ್ಯ ಬರುತ್ತಿತ್ತು. ಅವರು ನನಗಿಂತ ಹೆಚ್ಚು ನಂಬಿದವರು. ಆ ವಾರದಿಂದ ಸೋಮವಾರ ನೀರೂ ಮುಟ್ಟದೆ ಇರತೊಡಗಿದರು. ಯಾಕೆಂದು ಮಗ ಕೇಳಿದರೆ ಹೊಟ್ಟೆ ಸರಿಯಿಲ್ಲವೆಂದರು. ಅಲ್ಲಿಗೆ ಅದು ಇನ್ನೊಂದು ಸುಳ್ಳು. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ. ಕೆಲವೊಮ್ಮೆ ಅವರು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದು, ನಾನು ತಿರುಗಿದರೆ ಬೇರೆಡೆಗೆ ನೋಡುತ್ತಿದ್ದರು. ಒಂದೇ ತಪ್ಪನ್ನು ಇಬ್ಬರು ಹೊತ್ತರೂ ಭಾರವೇನೂ ಕಡಿಮೆಯಾಗುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ವೈಶಾಖದಲ್ಲಿ ನೋವು ಶುರುವಾಯಿತು. ಬೆಳಗಿನ ಹೊತ್ತು. ಸೂಲಗಿತ್ತಿ ಬಂದವಳೇ ಕಿಟಕಿ ಕಂಡು ಮುಖ ಸಿಂಡರಿಸಿ, ಮುಚ್ಚಲು ಬಟ್ಟೆ ಕೇಳಿದಳು. "ತೆಗೆದೇ ಇರಲಿ" ಅಂದರು ಅತ್ತೆ. ಆಮೇಲಿನದು ನನಗೆ ಬಿಡಿಬಿಡಿಯಾಗಿ ನೆನಪಿದೆ. ಮಗುವಿನ ಅಳು ಮಾತ್ರ ಸ್ಪಷ್ಟ. ಮೀಯಿಸುವ ಮೊದಲೇ ಅತ್ತೆ ಅದನ್ನು ಸೂಲಗಿತ್ತಿಯ ಕೈಯಿಂದ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು.

ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಹೆಬ್ಬೆರಳಿನಿಂದ ತುಟಿ ಎತ್ತಿ ನೋಡುತ್ತಿದ್ದಾರೆಂದು ಮೊಣಕೈ ಆಡುವುದರಲ್ಲೇ ತಿಳಿಯಿತು. ಆಮೇಲೆ ಬೆರಳುಗಳು, ಒಂದೊಂದನ್ನೇ ಬಿಡಿಸಿ. ಆಮೇಲೆ ಕಾಲು. ಮುಗಿದಮೇಲೂ ಅವರು ತಿರುಗಲಿಲ್ಲ. "ಎಂತ ಆತು ಅತ್ತೆ" ಎಂದು ಕೇಳಿದೆ. ಏನೋ ಆಗಿಹೋಗಿದೆ, ಹೇಳಲು ಅವರಿಗೆ ಬಾಯಿ ಬರುತ್ತಿಲ್ಲ ಎಂದೇ ತಿಳಿದೆ. ಎದ್ದು ಕೂರಲು ಹೋದೆ, ಸೂಲಗಿತ್ತಿ ಒತ್ತಿ ಮಲಗಿಸಿದಳು.

"ಎಲ್ಲ ಸರಿ ಇದ್ದು. ಕೂಸು" ಅಂದರು ಅತ್ತೆ, ಬಹಳ ಹೊತ್ತಿನ ಮೇಲೆ. ಕೂಸೆಂದರೆ ನಮ್ಮಲ್ಲಿ ಹೆಣ್ಣುಮಗು. ತಿರುಗಿದಾಗ ಅವರ ಮುಖ ಒದ್ದೆಯಾಗಿತ್ತು. ಆಮೇಲೆ ಮತ್ತೆ ಮಗುವಿನ ಕಡೆಗೇ ಬಗ್ಗಿದರು.

"ಹುಬ್ಬು ನೋಡು ಇದ್ರದ್ದು. ನಿನ್ನ ಮಾವಂದೇ ಹುಬ್ಬು."

ನನಗೆ ಹೇಳಿದರೋ ತಮ್ಮಷ್ಟಕ್ಕೆ ಹೇಳಿಕೊಂಡರೋ, ಮೆಲ್ಲಗೆ ಹೇಳಿದರು.

"ನಿನ್ನ ಗಂಡ ಯನ್ನ ತವರಲ್ಲಿ ಹುಟ್ಟಿದ್ದು. ಅವನ ಬೆನ್ನಿಗೆ ಯಂಗೆ ಎರಡು ಆಗಿತ್ತು, ಇದೇ ಕೋಣೆಲಿ. ಎರಡನ್ನೂ ಕತ್ತಲಲ್ಲೇ ಸುತ್ತಿ ಒಯ್ದಾತು. ಮುಖ ಕಂಡಿದ್ದೇ ಇಲ್ಲೆ ಆನು."

ಮಗುವಿನ ಹುಬ್ಬಿನ ಮೇಲೆ ಬೆರಳಾಡಿಸಿದರು.

"ಅವಕ್ಕೂ ಹಿಂಗೇ ಇತ್ತೇನ."

ಮೀಯಿಸುವ ನೀರು ಆರುತ್ತದೆಂದು ಸೂಲಗಿತ್ತಿ ಮಗುವಿಗಾಗಿ ಕೈ ಚಾಚಿದಳು. ಅತ್ತೆ ಕೊಡಲಿಲ್ಲ.